ಹಾಡಿಗೂ ಸಿನಿಮಾಕ್ಕೂ ಆಟಕ್ಕೂ ಒಪ್ಪುವ ಹೆಡ್‌ಫೋನ್ ಆರಿಸುವ ಬಗೆ

ಕೆಲವು ವರ್ಷಗಳ ಹಿಂದೆ ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ನಾನು ಮೊದಲ ಬಾರಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟು ಹೆಡ್‌ಫೋನ್ ಕೊಂಡೆ. ಅಂಗಡಿಯವರು ತಮ್ಮ ಫೋನಿನಿಂದಲೇ ಒಂದು ಹಾಡು ಹಾಕಿ ಕೇಳಿಸಿದರು. ತಾಳ ಬಿದ್ದಾಗಲೆಲ್ಲ ಕೆನ್ನೆಯವರೆಗೆ ಅದುರುವಂತಿದ್ದ ಆ ಬಾಸ್‌ಗೆ, ಅಂದರೆ ಕೆಳದನಿಯ ಸದ್ದಿಗೆ, ಮನಸೋತು, ಎರಡನೆಯ ಮಾತಿಲ್ಲದೆ ಬಿಲ್ ಮಾಡಿಸಿದೆ. ಅದೇ ರಾತ್ರಿ ಮನೆಯಲ್ಲಿ ವೀಣಾ ಕಚೇರಿಯೊಂದನ್ನು ಹಾಕಿದಾಗ ಮೃದಂಗದ ಎಡಗಡೆಯ ‘ತೊಂ’ ಒಂದೇ ತಲೆಯೊಳಗೆಲ್ಲ ತುಂಬಿಕೊಂಡಿತು. ತಂತಿಯನ್ನು ಮೀಟಿ, ವೀಣೆಯ ದಂಡದ ಮೆಟ್ಟಿಲಿನ ಮೇಲೆಯೇ ಪಕ್ಕಕ್ಕೆಳೆದು ಹೊರಡಿಸುವ ಗಮಕದ ಕೊನೆಯ ಎಳೆ ಕೇಳಿಸಲಿಲ್ಲ. ತಂಬೂರಿಯಂತೂ ಇದೆಯೋ ಇಲ್ಲವೋ ತಿಳಿಯದಷ್ಟು ಹಿಂದೆ ಸರಿದಿತ್ತು. ಆ ಹೆಡ್‌ಫೋನ್ ಕೆಟ್ಟಿರಲಿಲ್ಲ, ಅಂಗಡಿಯವರು ಮೋಸವನ್ನೂ ಮಾಡಿರಲಿಲ್ಲ. ನಾನು ದಿನವೂ ಕೇಳುವ ಸಂಗೀತವನ್ನು ಅದರಲ್ಲಿ ಕೇಳಿ ನೋಡದೆ ಕೊಂಡದ್ದೇ ತಪ್ಪು. ಆಮೇಲೆ ನನಗೆ, ಮಗನಿಗೆ, ಮಂಡ್ಯದಲ್ಲಿರುವ ಅಕ್ಕನ ಮನೆಯವರಿಗೆ ಎಂದು ಹಲವು ಹೆಡ್‌ಫೋನುಗಳನ್ನು ಆರಿಸಿದ್ದೇನೆ. ಈಗ ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಿ ಕುಳಿತು ಕೇಳುತ್ತೀರಿ?

ಬೆಲೆಗಿಂತ, ಕಂಪನಿಯ ಹೆಸರಿಗಿಂತ ಮೊದಲು ತೀರ್ಮಾನವಾಗಬೇಕಾದದ್ದು ಇದು. ಕಿವಿಯನ್ನು ಪೂರ್ತಿ ಸುತ್ತುವರಿಯುವ ದೊಡ್ಡ ಹೆಡ್‌ಫೋನುಗಳಲ್ಲಿ ಎರಡು ಬಗೆಗಳಿವೆ. ಹಿಂಬದಿ ಮುಚ್ಚಿರುವ ಬಗೆಯಲ್ಲಿ ಒಳಗಿನ ಸದ್ದು ಅಷ್ಟಾಗಿ ಹೊರಗೆ ಹೋಗುವುದಿಲ್ಲ, ಹೊರಗಿನದೂ ಅಷ್ಟಾಗಿ ಒಳಗೆ ಬರುವುದಿಲ್ಲ. ಹಿಂಬದಿ ತೆರೆದಿರುವ ಬಗೆಯಲ್ಲಿ ಜಾಲರಿಯ ಮೂಲಕ ಗಾಳಿ ಆಡುತ್ತದೆ. ಸದ್ದು ತಲೆಯೊಳಗೆ ಕೂಡಿಹಾಕಿದಂತಿರದೆ, ಎದುರಿನ ಕೋಣೆಯಲ್ಲಿ ಯಾರೋ ನುಡಿಸುತ್ತಿರುವಂತೆ ಹರಡಿಕೊಳ್ಳುತ್ತದೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 1968ರಲ್ಲಿ ತೆರೆದ ಬಗೆಯ ಎಚ್‌ಡಿ 414 ಎಂಬ ಮಾದರಿಯನ್ನು ಹೊರತಂದ ಮೇಲೆ ಇದು ಮನೆಮನೆಗೆ ಬಂತು. ಅಗ್ರಹಾರದ ಹಳೆಯ ಮನೆಯ ಒಳಕೋಣೆಯಲ್ಲಿ ರಾತ್ರಿ ಹತ್ತರ ಮೇಲೆ ಒಬ್ಬರೇ ಕುಳಿತು ಕೇಳುವವರಿಗೆ ತೆರೆದ ಬಗೆಯಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಪಕ್ಕದಲ್ಲಿ ಮಕ್ಕಳು ಓದುತ್ತಿದ್ದರೆ ನಿಮ್ಮ ಹಾಡು ಅವರಿಗೂ ಕೇಳುತ್ತದೆ, ಅವರ ಪಾಠ ನಿಮಗೂ ಕೇಳುತ್ತದೆ. ತೀರ ಕೆಳಗಿನ ಬಾಸ್ ಕೂಡ ತೆರೆದ ಬಗೆಯಲ್ಲಿ ಸ್ವಲ್ಪ ತೆಳುವಾಗಿರುವುದು ಸಾಮಾನ್ಯ.

ಪ್ರಯಾಣದ ಮಾತೇ ಬೇರೆ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 45 ಕಿಲೋಮೀಟರ್. ದಿನವೂ ಓಡಾಡುವ ನೌಕರರೂ ವಿದ್ಯಾರ್ಥಿಗಳೂ ಸಾವಿರಾರು ಮಂದಿ. ಇಲ್ಲಿ ಸದ್ದು ತಗ್ಗಿಸುವ, ಅಂದರೆ ನಾಯ್ಸ್ ಕ್ಯಾನ್ಸಲಿಂಗ್ ಇರುವ ಹೆಡ್‌ಫೋನ್ ನಿಜವಾಗಿಯೂ ನೆರವಾಗುತ್ತದೆ. ಅದರ ಹೊರಮೈಯಲ್ಲಿರುವ ಪುಟ್ಟ ಮೈಕುಗಳು ಸುತ್ತಲಿನ ಸದ್ದನ್ನು ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ನುಡಿಸುತ್ತವೆ. ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ಸಮನೆ ಮೊರೆಯುವ ಕೆಳದನಿಯ ಸದ್ದಿನ ಮೇಲೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಥಟ್ಟನೆ ಬಂದು ಹೋಗುವ ಮೇಲ್ದನಿಯ ಸದ್ದಿನ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಹಾಗಾಗಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ಸೇತುವೆಯ ಮೇಲೆ ಗಾಲಿಗಳ ಗುಡುಗು ಅರ್ಧಕ್ಕಿಂತ ಹೆಚ್ಚು ಅಡಗಿದರೂ, ಬೋಗಿಯ ಆ ತುದಿಯಿಂದ ‘ವಡೆ, ವಡೆ’ ಎಂದು ಕೂಗುತ್ತ ಬರುವವರ ದನಿ ಸ್ಪಷ್ಟವಾಗಿಯೇ ಕೇಳುತ್ತದೆ. ಇದನ್ನು ದೋಷವೆಂದು ಭಾವಿಸಿ ಹಿಂದಿರುಗಿಸಿದವರನ್ನು ಕಂಡಿದ್ದೇನೆ, ಅದು ದೋಷವಲ್ಲ. ನಡೆದುಹೋಗುವಾಗ, ಅದರಲ್ಲೂ ಕೆ.ಆರ್. ವೃತ್ತದಂತಹ ಕಡೆ ರಸ್ತೆ ದಾಟುವಾಗ, ಈ ಸೌಲಭ್ಯವನ್ನು ಆಫ್ ಮಾಡಿಡಿ. ದ್ವಿಚಕ್ರ ವಾಹನ ಓಡಿಸುವಾಗ ಯಾವ ಬಗೆಯದೂ ಕಿವಿಯಲ್ಲಿರಬಾರದು.

ಕಿವಿಯ ರಂಧ್ರದೊಳಗೆ ಕೂರುವ ಇಯರ್‌ಫೋನುಗಳು ಹಗುರ, ಅಗ್ಗ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಿವಿ ಬೆವರುವುದಿಲ್ಲ. ಅವುಗಳ ಧ್ವನಿಯೆಲ್ಲ ನಿಂತಿರುವುದು ತುದಿಯ ರಬ್ಬರ್ ಟೋಪಿ ಕಿವಿಯನ್ನು ಎಷ್ಟು ಬಿಗಿಯಾಗಿ ಮುಚ್ಚುತ್ತದೆ ಎಂಬುದರ ಮೇಲೆ. ಪೆಟ್ಟಿಗೆಯಲ್ಲಿ ಕೊಡುವ ಮೂರು ಅಳತೆಗಳನ್ನೂ ಹಾಕಿ ನೋಡಿ. ಎಡಕಿವಿಗೆ ಒಂದು, ಬಲಕಿವಿಗೆ ಇನ್ನೊಂದು ಅಳತೆ ಬೇಕಾಗುವುದೂ ಉಂಟು.

ಯಾವುದಕ್ಕೆ ಜೋಡಿಸುತ್ತೀರಿ?

ತಂತಿಯದೋ, ಬ್ಲೂಟೂತಿನದೋ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಬಳಕೆಯಲ್ಲಿದೆ. ಹಾಡು ಕೇಳುವುದಕ್ಕೆ ಇಂದಿನ ಬ್ಲೂಟೂತ್ ಸಾಕಷ್ಟು ಚೆನ್ನಾಗಿದೆ. ಬ್ಲೂಟೂತ್ ಧ್ವನಿಯನ್ನು ಕುಗ್ಗಿಸಿ ಕಳಿಸುತ್ತದೆ. ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಎಲ್ಲದರಲ್ಲೂ ಇರುವುದು ಎಸ್‌ಬಿಸಿ. ಐಫೋನಿನಲ್ಲಿ ಅದರ ಜೊತೆಗೆ ಎಎಸಿ ಇದೆ. ಸೋನಿ ರೂಪಿಸಿದ ಎಲ್‌ಡಿಎಸಿ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಾಗಿಸಬಲ್ಲದು, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ದೊರೆಯುತ್ತದೆ. ಸಿ.ಡಿ.ಯ ಧ್ವನಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಎಂಬುದನ್ನು ನೆನೆದರೆ ಇದು ಎಷ್ಟೆಂಬ ಅಂದಾಜು ಸಿಗುತ್ತದೆ. ಎಲ್‌ಡಿಎಸಿಗಾಗಿ ಹೆಚ್ಚು ಹಣ ಕೊಟ್ಟು ಹೆಡ್‌ಫೋನ್ ಕೊಂಡು ಅದನ್ನು ಐಫೋನಿಗೆ ಜೋಡಿಸಿದರೆ ಆ ಹಣ ವ್ಯರ್ಥ.

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಆಡುವ ಆಟದ ವಿಷಯಕ್ಕೆ ಬಂದರೆ ಬ್ಲೂಟೂತಿನ ನಿಜವಾದ ಕೊರತೆ ಗುಣಮಟ್ಟದ್ದಲ್ಲ, ತಡದ್ದು. ಸದ್ದು ಕಿವಿ ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್ ಕಳೆದಿರುತ್ತದೆ. ಸೆಕೆಂಡಿಗೆ 60 ಚಿತ್ರಗಳು ಮೂಡುವ ಆಟದಲ್ಲಿ 200 ಮಿಲಿಸೆಕೆಂಡ್ ಎಂದರೆ 12 ಚಿತ್ರಗಳಷ್ಟು ಹಿಂದೆ ಬಿದ್ದಂತೆ: ಎದುರಾಳಿ ಗುಂಡು ಹಾರಿಸಿ ಆದ ಮೇಲೆ ಅದರ ಸದ್ದು ಬರುತ್ತದೆ. ಸಿನಿಮಾ ತೋರಿಸುವ ಆ್ಯಪ್‌ಗಳು ಈ ತಡವನ್ನು ಲೆಕ್ಕಹಾಕಿ ಚಿತ್ರವನ್ನೂ ಅಷ್ಟೇ ತಡವಾಗಿ ತೋರಿಸಬಲ್ಲವು. ಆಟದಲ್ಲಿ ಅದು ಸಾಧ್ಯವಿಲ್ಲ. ನೀವು ಗುಂಡಿ ಒತ್ತಿದ ಕ್ಷಣವೇ ಪರದೆಯ ಮೇಲೆ ಕೆಲಸ ನಡೆಯಬೇಕು. ಆದ್ದರಿಂದ ಆಟವಾಡುವವರು ತಂತಿಯ ಹೆಡ್‌ಫೋನನ್ನೋ, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ 2.4 ಗಿಗಾಹರ್ಟ್ಸ್ ಡಾಂಗಲ್ ಜೊತೆಗೆ ಬರುವ ವೈರ್‌ಲೆಸ್ ಹೆಡ್‌ಸೆಟ್ಟನ್ನೋ ಆರಿಸಬೇಕು. ಡಾಂಗಲ್ ಬಳಸುವ ಮನೆಯಲ್ಲಿ ವೈಫೈ ಕೂಡ ಅದೇ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಸದ್ದು ಆಗಾಗ ತುಂಡಾಗಬಹುದು. ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿ.

ಇನ್ನೊಂದು ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಂಪ್ಯೂಟರಿಗೆ ಬ್ಲೂಟೂತ್ ಹೆಡ್‌ಫೋನ್ ಜೋಡಿಸಿ ಅದರದೇ ಮೈಕಿನಲ್ಲಿ ಮಾತನಾಡಲು ತೊಡಗಿದರೆ ಸಂಪರ್ಕವು ದೂರವಾಣಿ ಕರೆಯ ರೀತಿಗೆ ಬದಲಾಗಿ, ಆಟದ ಸದ್ದೆಲ್ಲ ಹಳೆಯ ಲ್ಯಾಂಡ್‌ಲೈನಿನಲ್ಲಿ ಕೇಳಿದಂತಾಗುತ್ತದೆ. ನನ್ನ ಮಗ ಹೆಡ್‌ಫೋನೇ ಕೆಟ್ಟಿತೆಂದು ಎರಡು ದಿನ ಪೇಚಾಡಿದ. ಮೇಜಿನ ಮೇಲಿಡುವ ಪ್ರತ್ಯೇಕ ಯುಎಸ್‌ಬಿ ಮೈಕ್ ಒಂದನ್ನು ಹಾಕಿದ ಮೇಲೆ ತೊಂದರೆ ತೀರಿತು.

ತಂತಿಯದನ್ನು ಕೊಳ್ಳುವವರು ಓಮ್ ಎಂಬ ಅಂಕಿಯನ್ನು ನೋಡಲೇಬೇಕು. ಅದು ವಿದ್ಯುತ್ ಹರಿಯುವುದಕ್ಕೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ. 16ರಿಂದ 40 ಓಮ್‌ನವು ಫೋನಿಗೂ ಲ್ಯಾಪ್‌ಟಾಪಿಗೂ ಸಾಮಾನ್ಯವಾಗಿ ಹೊಂದುತ್ತವೆ. 250, 300 ಓಮ್‌ನವಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕು. ಇಲ್ಲವಾದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಧ್ವನಿ ಸೊರಗಿರುತ್ತದೆ. ಬೇಯರ್‌ಡೈನಮಿಕ್ ಕಂಪನಿಯ ಡಿಟಿ 770 ಪ್ರೊ ಒಂದೇ ಹೆಸರಿನಲ್ಲಿ 32, 80, 250 ಓಮ್ ಎಂದು ಮೂರು ರೂಪಗಳಲ್ಲಿ ಬರುತ್ತದೆ. ಹೆಸರು ನೋಡಿ ಕೊಂಡು, ಓಮ್ ನೋಡದೆ ಫೋನಿಗೆ ಸಿಕ್ಕಿಸಿ ನಿರಾಶರಾಗುವುದು ಹೀಗೆಯೇ. ಸೆನ್‌ಹೈಸರ್ ಎಚ್‌ಡಿ 600 ತೆರೆದ ಬಗೆಯದು, 300 ಓಮ್. ಸಂಗೀತದ ಸಹಜತೆಗೆ ಹೆಸರಾಗಿ 1997ರಿಂದ ಉಳಿದು ಬಂದಿದೆ, ಆದರೆ ಆಂಪ್ಲಿಫೈಯರಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ ಸೋನಿ ಎಂಡಿಆರ್ 7506, ಆಡಿಯೊ ಟೆಕ್ನಿಕಾ ಎಂ50ಎಕ್ಸ್ ಇವೆರಡೂ ಮುಚ್ಚಿದ ಬಗೆಯವು, ಫೋನಿನಿಂದಲೇ ಚೆನ್ನಾಗಿ ನುಡಿಯುತ್ತವೆ. ನಿಮ್ಮ ಫೋನಿನಲ್ಲಿ 3.5 ಮಿಲಿಮೀಟರಿನ ಜ್ಯಾಕ್ ಇಲ್ಲದಿದ್ದರೆ ಯುಎಸ್‌ಬಿ ಸಿಯಿಂದ ಆ ಜ್ಯಾಕಿಗೆ ಬದಲಿಸುವ ಅಡಾಪ್ಟರ್ ಒಂದನ್ನು ಜೊತೆಗೇ ಕೊಂಡುಬಿಡಿ.

ಪೆಟ್ಟಿಗೆಯ ಮೇಲಿನ ಉಳಿದ ಅಂಕಿಗಳು

ಇವಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ‘20ರಿಂದ 20,000 ಹರ್ಟ್ಸ್’ ಎಂದು ಬಹುತೇಕ ಎಲ್ಲ ಪೆಟ್ಟಿಗೆಗಳ ಮೇಲೂ ಇರುತ್ತದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಅದು ಆರೋಗ್ಯವಂತ ಎಳೆಯರ ಕಿವಿ ಕೇಳಬಲ್ಲ ವ್ಯಾಪ್ತಿ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತ ಬರುತ್ತದೆ. ಆ ವ್ಯಾಪ್ತಿಯೊಳಗೆ ಯಾವ ಸ್ವರ ಹೆಚ್ಚು, ಯಾವುದು ಕಡಿಮೆ ಎಂಬುದೇ ಮುಖ್ಯ. ಅದನ್ನು ಪೆಟ್ಟಿಗೆ ಹೇಳುವುದಿಲ್ಲ. ‘ಹೈ ರೆಸ್’ ಎಂಬ ಬಂಗಾರದ ಬಣ್ಣದ ಚೀಟಿಗೆ 40,000 ಹರ್ಟ್ಸ್‌ವರೆಗೆ ನುಡಿಯುವ ಸಾಮರ್ಥ್ಯ ಬೇಕು, ಆದರೆ 20,000ದ ಮೇಲಿನದು ಮನುಷ್ಯರ ಕಿವಿಗೆ ಬೀಳುವುದೇ ಇಲ್ಲ. ಒಳಗೆ ಸದ್ದು ಹೊರಡಿಸುವ ಡ್ರೈವರ್ 40 ಮಿಲಿಮೀಟರೋ 50 ಮಿಲಿಮೀಟರೋ ಎಂಬುದರಿಂದಲೂ ಧ್ವನಿಯ ಗುಣ ತೀರ್ಮಾನವಾಗುವುದಿಲ್ಲ. ಆಟದ ಹೆಡ್‌ಸೆಟ್ಟುಗಳ ಮೇಲಿನ ‘7.1’, ಅಂದರೆ ಸುತ್ತಲೂ ಎಂಟು ಸ್ಪೀಕರುಗಳಿರುವಂತೆ, ಎಂಬುದು ಕೂಡ ಬಹುಪಾಲು ಸಾಫ್ಟ್‌ವೇರಿನ ಕೆಲಸ. ಎಡಕ್ಕೊಂದು ಬಲಕ್ಕೊಂದು ಡ್ರೈವರ್ ಇಟ್ಟುಕೊಂಡೇ ಸುತ್ತಲಿನ ದಿಕ್ಕುಗಳ ಭಾಸವನ್ನು ಉಂಟುಮಾಡುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ‘ವಿಂಡೋಸ್ ಸೋನಿಕ್’ ಎಂಬ ಅಂಥದೇ ಸೌಲಭ್ಯ ಉಚಿತವಾಗಿಯೇ ಇದೆ, ಅದು ಯಾವ ಹೆಡ್‌ಫೋನಿನಲ್ಲೂ ನಡೆಯುತ್ತದೆ.

ಅಂಗಡಿಗೆ ನಿಮ್ಮ ಹಾಡುಗಳನ್ನು ಕೊಂಡೊಯ್ಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ. ನೂರಾರು ಸಲ ಕೇಳಿ, ಇಂಥ ಕಡೆ ಇಂಥ ಸದ್ದು ಬರುತ್ತದೆ ಎಂದು ಬಾಯಿಪಾಠವಾಗಿರುವ ನಾಲ್ಕೈದು ಧ್ವನಿಮುದ್ರಣಗಳನ್ನು ಫೋನಿಗೆ ಇಳಿಸಿಕೊಂಡು ಹೋಗಿ. ಅಂಗಡಿಯ ಇಂಟರ್ನೆಟ್ಟನ್ನು ನಂಬಬೇಡಿ; ಸಂಪರ್ಕ ಮಂದವಾದರೆ ಆ್ಯಪ್‌ಗಳು ತಾವೇ ಗುಣಮಟ್ಟವನ್ನು ತಗ್ಗಿಸುತ್ತವೆ. ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಜರ್ ಆಫ್ ಆಗಿರಲಿ.

ಮೊದಲು ತಂಬೂರಿ. ಹಾಡುಗಾರರು ಆಲಾಪನೆ ಆರಂಭಿಸುವ ಮುನ್ನ ತಂಬೂರಿಯೊಂದೇ ಮಿಡಿಯುವ ಹತ್ತು ಹದಿನೈದು ಸೆಕೆಂಡುಗಳಿರುತ್ತವಲ್ಲ, ಅಷ್ಟು ಸಾಕು. ತಂಬೂರಿಯ ಕುದುರೆಯ, ಅಂದರೆ ತಂತಿಗಳು ಹಾಯುವ ಆಸರೆಯ, ಮೇಲೆ ತಂತಿಯ ಕೆಳಗೆ ಸೇರಿಸುವ ಜೀವಾಳದ ನೂಲೆಳೆಯಿಂದಾಗಿ ಪ್ರತಿಯೊಂದು ಮೀಟಿಗೂ ಮೂಲಸ್ವರದ ಜೊತೆಗೆ ಅದರ ಮೇಲಿನ ಹತ್ತಾರು ಅನುಸ್ವರಗಳು ಹೊಮ್ಮುತ್ತವೆ. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಝೇಂಕಾರ ಅರಳಿಕೊಂಡು, ನಾಲ್ಕು ತಂತಿಗಳು ನಾಲ್ಕಾಗಿಯೇ ಕೇಳಿ, ಒಂದು ಮುಗಿಯುವ ಮುನ್ನ ಇನ್ನೊಂದು ಹುಟ್ಟುವುದು ತಿಳಿಯುತ್ತದೆ. ಮಧ್ಯದ ಸ್ವರಗಳು ಮಂಕಾಗಿರುವ ಹೆಡ್‌ಫೋನಿನಲ್ಲಿ ಅದು ದೂರದ ಫ್ಯಾನಿನ ಸದ್ದಿನಂತೆ ಒಂದೇ ಗುಂಯ್‌ಗುಡುತ್ತದೆ. ವಿದೇಶದ ವಿಮರ್ಶಕರು ಹೇಳುವ ಯಾವ ಪರೀಕ್ಷೆಗಿಂತಲೂ ಇದು ನನಗೆ ಬೇಗ ಉತ್ತರ ಕೊಟ್ಟಿದೆ.

ಆಮೇಲೆ ಮೃದಂಗ. ಎಡಗಡೆಯ ‘ತೊಂ’ ಒಂದು ಆಕಾರವುಳ್ಳ ಸ್ವರವಾಗಿ ಬಂದು ನಿಲ್ಲಬೇಕು. ಉಬ್ಬಿಕೊಂಡು ಬಲಗಡೆಯ ‘ನಂ’ ಮತ್ತು ‘ದಿ’ಗಳನ್ನು ಮುಚ್ಚಬಾರದು. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ವೇಗದ ಭಾಗವನ್ನು ಹಾಕಿ, ಪ್ರತಿ ಸೊಲ್ಲನ್ನೂ ಬೆರಳಿನಲ್ಲಿ ಎಣಿಸಬಲ್ಲಿರಾ ನೋಡಿ. ನಂತರ ವೀಣೆ. ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರರ ನುಡಿಸಾಣಿಕೆಯ ಧ್ವನಿಮುದ್ರಣ ನಿಮ್ಮ ಬಳಿ ಇದ್ದರೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ: ಮೀಟಿನ ಉಗುರು ಸದ್ದು, ಅದರ ಹಿಂದೆಯೇ ತೆರೆದುಕೊಳ್ಳುವ ನಾದ, ಗಮಕದ ಎಳೆತ ಈ ಮೂರೂ ಬೇರೆ ಬೇರೆಯಾಗಿ ಕೇಳಬೇಕು.

ಪಿಟೀಲು ಚೌಡಯ್ಯನವರ ಕಾಲದ ಹಳೆಯ ಧ್ವನಿಮುದ್ರಣಗಳು ಬಹುಪಾಲು ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ. ಅಂಥದನ್ನು ಹಾಕಿದಾಗ ಪಿಟೀಲು ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆ ವಾಲಿದಂತೆ ಕೇಳಿದರೆ ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಳ್ಳಿ. ವಾಲುವುದೂ ಇನ್ನೊಂದು ಕಡೆಗೆ ಬದಲಾದರೆ ದೋಷ ಹೆಡ್‌ಫೋನಿನದೋ ಫೋನಿನದೋ ಆಗಿರಬಹುದು, ಬದಲಾಗದಿದ್ದರೆ ನಿಮ್ಮ ಕಿವಿಯದೇ ಆಗಿರಬಹುದು.

ಕೊನೆಗೆ ಮಾತು. ಒಳ್ಳೆಯ ಕನ್ನಡ ಉಚ್ಚಾರಣೆಯ ಭಾವಗೀತೆಯನ್ನೋ ವಾಚನವನ್ನೋ ಹಾಕಿ ‘ಸ’, ‘ಶ’, ‘ಷ’ಗಳನ್ನು ಗಮನಿಸಿ. ಮೇಲ್ದನಿಯನ್ನು ಅತಿಯಾಗಿ ಎತ್ತಿರುವ ಹೆಡ್‌ಫೋನಿನಲ್ಲಿ ಇವು ಸೂಜಿಯಂತೆ ಚುಚ್ಚುತ್ತವೆ. ಮೊದಲ ಐದು ನಿಮಿಷ ಅದೇ ‘ಸ್ಪಷ್ಟತೆ’ ಎನಿಸಿ ಖುಷಿಯಾದರೂ ಒಂದು ಗಂಟೆಯ ಮೇಲೆ ಕಿವಿ ದಣಿಯುತ್ತದೆ.

ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ವಾಲ್ಯೂಮ್ ಸಮನಾಗಿರಲಿ. ನಮ್ಮ ಕಿವಿಯ ಸ್ವಭಾವವೇ ಹಾಗೆ: ತುಸು ಜೋರಾಗಿರುವುದು ಚೆನ್ನಾಗಿದೆ ಎನಿಸುತ್ತದೆ, ಜೋರಾದಷ್ಟೂ ಬಾಸ್ ತುಂಬಿದಂತೆ ಕೇಳುತ್ತದೆ. ಅಂಗಡಿಯಲ್ಲಿ ದುಬಾರಿಯದನ್ನು ಹೆಚ್ಚು ವಾಲ್ಯೂಮಿನಲ್ಲಿ ಕೇಳಿಸಿದರೆ, ಅದನ್ನು ತಗ್ಗಿಸಿ ಮತ್ತೊಮ್ಮೆ ಕೇಳಿಸಲು ವಿನಯದಿಂದ ಹೇಳಿ.

ಸಿನಿಮಾ, ಆಟ

ಸಿನಿಮಾಕ್ಕೆ ಮುಖ್ಯವಾದದ್ದು ಸಂಭಾಷಣೆ. ಹಿನ್ನೆಲೆ ಸಂಗೀತ ಏರಿದಾಗಲೂ ಮಂಡ್ಯದ ಕಡೆಯ ಮಾತಿನ ‘ಯಾಕ್ಲಾ’, ‘ಅಂಗಲ್ಲ ಕಣ’ಗಳು ಎಳೆಎಳೆಯಾಗಿ ತಿಳಿಯಬೇಕು. ಸಂಭಾಷಣೆ ಸಣ್ಣಗಿದ್ದು ಹೊಡೆದಾಟದ ಸದ್ದು ಮಾತ್ರ ದೊಡ್ಡದಾಗಿದ್ದರೆ ಹೆಡ್‌ಫೋನ್ ಬದಲಿಸುವ ಮುನ್ನ ಆ್ಯಪ್‌ನ ಧ್ವನಿ ಆಯ್ಕೆಯಲ್ಲಿ 5.1 (ಆರು ಸ್ಪೀಕರುಗಳಿಗೆ ಹಂಚಿದ ಧ್ವನಿ) ಬದಲು ಸ್ಟೀರಿಯೊ (ಎಡ, ಬಲ ಎರಡೇ) ಹಾಕಿ ನೋಡಿ. ಎಷ್ಟೋ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಟಿವಿಗೆ ಬ್ಲೂಟೂತಿನಿಂದ ಜೋಡಿಸುವವರು ತುಟಿಗೂ ಮಾತಿಗೂ ಹೊಂದಾಣಿಕೆ ಇದೆಯೇ ಎಂದು ತಿಳಿಯಲು ‘ಪ’, ‘ಬ’, ‘ಮ’ ಅಕ್ಷರಗಳನ್ನು ಕಾದು ನೋಡಬೇಕು. ಅವು ತುಟಿ ಕೂಡಿದಾಗಲೇ ಹುಟ್ಟುವ ಅಕ್ಷರಗಳಾದ್ದರಿಂದ, ‘ಅಪ್ಪ’ ಎನ್ನುವ ಪಾತ್ರದ ತುಟಿ ಬಿಚ್ಚಿದ ಮೇಲೆ ‘ಪ್ಪ’ ಕೇಳಿಸಿದರೆ ತಡ ಇದೆ ಎಂದೇ ಅರ್ಥ.

ಆಟಕ್ಕೆ ಬೇಕಾದದ್ದು ದಿಕ್ಕು. ಹೆಜ್ಜೆಯ ಸದ್ದು ಎಡದಿಂದಲೋ ಹಿಂದಿನಿಂದಲೋ, ಮಹಡಿಯ ಮೇಲೋ ಕೆಳಗೋ ಎಂದು ತಿಳಿಯಬೇಕು. ಬಾಸ್ ವಿಪರೀತವಾದರೆ ಸಿಡಿತದ ಸದ್ದಿನಲ್ಲಿ ಹೆಜ್ಜೆ ಮುಳುಗುತ್ತದೆ. ‘ಗೇಮಿಂಗ್’ ಎಂಬ ಹೆಸರೂ ಬಣ್ಣಬಣ್ಣದ ದೀಪಗಳೂ ಇರುವ ಹೆಡ್‌ಸೆಟ್ಟಿಗಿಂತ, ಅಷ್ಟೇ ಬೆಲೆಯ ಸಂಗೀತದ ಹೆಡ್‌ಫೋನಿನ ಜೊತೆಗೆ ಸಣ್ಣದೊಂದು ಮೈಕ್ ಕೊಳ್ಳುವುದೇ ಮೇಲು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಒಂದೇ ಹೆಡ್‌ಫೋನ್ ಮೂರಕ್ಕೂ ಆಗಬೇಕೆಂದರೆ ಮುಚ್ಚಿದ ಬಗೆಯ, 32ರಿಂದ 40 ಓಮ್‌ನ, ತಂತಿ ಕಳಚಬಹುದಾದ ಸ್ಟುಡಿಯೊ ಹೆಡ್‌ಫೋನ್ ಆರಿಸಿ.

ತಲೆಗೆ ಕೂರುವ ಬಗೆ

ಕನಿಷ್ಠ 15 ನಿಮಿಷ ತಲೆಯ ಮೇಲಿಟ್ಟುಕೊಂಡೇ ಕೇಳಿ. ಕುಶನ್ನು ಕಿವಿಯ ಸುತ್ತ ಎಲ್ಲೂ ಸಂದಿಲ್ಲದೆ ಕೂರಬೇಕು. ಕನ್ನಡಕದ ಕಡ್ಡಿಯಿಂದಾಗುವ ಸಣ್ಣ ಸಂದಿಯಲ್ಲೇ ಬಾಸ್ ಸೋರಿಹೋಗುತ್ತದೆ. ಕನ್ನಡಕ ಹಾಕುವವರು ಹಾಕಿಕೊಂಡೇ, ಓಲೆ ಜುಮುಕಿ ತೊಡುವವರು ತೊಟ್ಟುಕೊಂಡೇ ಪರೀಕ್ಷಿಸಬೇಕು. ಕೃತಕ ಚರ್ಮದ ಕುಶನ್ನು ಹೊರಗಿನ ಸದ್ದನ್ನು ಚೆನ್ನಾಗಿ ತಡೆದರೂ ಬೇಸಿಗೆಯಲ್ಲಿ ಬೆವರಿಸುತ್ತದೆ, ಎರಡು ಮೂರು ವರ್ಷಗಳಲ್ಲಿ ಕಪ್ಪು ಚೂರುಗಳಾಗಿ ಉದುರತೊಡಗುತ್ತದೆ. ಮಖಮಲ್ಲಿನಂತಹ ಬಟ್ಟೆಯದು ತಂಪು. ಯಾವುದೇ ಆಗಲಿ, ಆ ಮಾದರಿಗೆ ಬದಲಿ ಕುಶನ್ನು ಸಿಗುತ್ತದೆಯೇ ಎಂದು ಕೇಳಿ ತಿಳಿದುಕೊಂಡೇ ಹಣ ಕೊಡಿ.

ಬಿಲ್, ವಾರಂಟಿ, ವಾಲ್ಯೂಮ್

ಜಿಎಸ್‌ಟಿ ಸಹಿತವಾದ ಬಿಲ್ ಪಡೆದು, ಅದರಲ್ಲಿ ಮಾದರಿಯ ಹೆಸರನ್ನೂ ಸೀರಿಯಲ್ ನಂಬರನ್ನೂ ಬರೆಸಿ. ವೈರ್‌ಲೆಸ್ ಹೆಡ್‌ಫೋನಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ, ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಕೊಡುವ ನೋಂದಣಿ ಸಂಖ್ಯೆ ಇರುತ್ತದೆ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿದರೆ ನೋಂದಣಿ ನಿಜವೇ ಎಂದು ತಿಳಿಯುತ್ತದೆ. ಹೆಸರಾಂತ ಮಾದರಿ ಅರ್ಧ ಬೆಲೆಗೆ ಸಿಗುತ್ತಿದೆಯೆಂದರೆ ಅದು ನಕಲಿ ಎಂದೇ ತಿಳಿಯಿರಿ. ವಾರಂಟಿಯ ಅವಧಿಯಲ್ಲಿ ರಿಪೇರಿಗೆ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪುಟ್ಟ ಇಯರ್‌ಬಡ್‌ಗಳ ಬ್ಯಾಟರಿಯನ್ನು ಬಹುತೇಕ ಬದಲಿಸಲಾಗುವುದಿಲ್ಲವಾದ್ದರಿಂದ ಅವಕ್ಕೆ ಹೆಚ್ಚು ಹಣ ಹಾಕುವಾಗ ಎರಡು ಸಲ ಯೋಚಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮೀರದಂತೆ ಕೇಳಬಹುದು. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗಲೂ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ಈಗಿನ ಹಲವು ಫೋನುಗಳಲ್ಲಿ ಗರಿಷ್ಠ ವಾಲ್ಯೂಮನ್ನು ಮಿತಿಗೊಳಿಸುವ ಆಯ್ಕೆ ಇದೆ. ಮಕ್ಕಳ ಫೋನಿನಲ್ಲಿ ಅದನ್ನು ಇಂದೇ ಹಾಕಿ. ಆಟ ಮುಗಿಸಿದ ಮೇಲೂ ಕಿವಿಯಲ್ಲಿ ‘ಕೀ’ ಎನ್ನುವ ಸದ್ದು ಉಳಿಯುತ್ತಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. 1965ರಲ್ಲಿ ಶುರುವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮೂರಿನಲ್ಲೇ ಇರುವುದು ಮೈಸೂರು, ಮಂಡ್ಯದವರ ಭಾಗ್ಯ.

ಮನೆಗೆ ತಂದ ಮೇಲೆ ಮೊದಲ ವಾರ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಅದೇ ತಂಬೂರಿ, ಮೃದಂಗ, ವೀಣೆಗಳನ್ನು ನಿಶ್ಶಬ್ದವಾದ ಹೊತ್ತಿನಲ್ಲಿ ಮತ್ತೆ ಕೇಳಿ. ಅಂಗಡಿಯ ಗದ್ದಲದಲ್ಲಿ ತಿಳಿಯದ ಕರಕರ ಸದ್ದು ಆಗ ಬಯಲಾಗುತ್ತದೆ. ತಂತಿಯನ್ನು ಹೆಡ್‌ಫೋನಿನ ಸುತ್ತ ಬಿಗಿಯಾಗಿ ಸುತ್ತಿಡದೆ ಅಂಗೈ ಅಗಲದ ಸಡಿಲ ಸುರುಳಿ ಮಾಡಿ, ಪಿನ್ನಿನ ಬುಡ ಬಾಗದಂತೆ ಗೂಟಕ್ಕೆ ತೂಗುಹಾಕಿ, ಏಕೆಂದರೆ ತಂತಿ ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ.